ಎರಡನೇ ಸಲ ಬಾರದವರ ಪರವಾಗಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ನಮಸ್ಕಾರಗಳು.

ನಾನು ಮನೋವೈದ್ಯೆ. ಮೂವತ್ತು ವರ್ಷ ಸರ್ಕಾರಿ ಸೇವೆಯಲ್ಲಿದ್ದು 2024ರಲ್ಲಿ ನಿವೃತ್ತಳಾದೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಬಯಲುಸೀಮೆಯ ಒಂದು ಜಿಲ್ಲಾ ಆಸ್ಪತ್ರೆಯ ಒಪಿಡಿಯಲ್ಲಿ. ಕುಡಿತ ಬಿಡಿಸಿದ್ದೇನೆ, ಫಿಟ್ಸ್‌ಗೆ ಮಾತ್ರೆ ಬರೆದಿದ್ದೇನೆ, ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವವರ ಪಕ್ಕ ಗಂಟೆಗಟ್ಟಲೆ ಕೂತಿದ್ದೇನೆ. ಆದರೆ ನನ್ನ ಬಾಗಿಲಿಗೆ ಎಲ್ಲರಿಗಿಂತ ಜಾಸ್ತಿ ಬಂದವರು ಖಿನ್ನತೆಯಿಂದ ಬಳಲುವ ದೊಡ್ಡವರು. ಮನೆ ನಡೆಸುವವರು, ಹೊಲದಲ್ಲಿ ದುಡಿಯುವವರು, ಶಾಲೆಯಲ್ಲಿ ಪಾಠ ಹೇಳುವವರು. ಈ ಪತ್ರ ಅವರ ಬಗ್ಗೆ. ಅದರಲ್ಲೂ ಒಂದು ಸಲ ಬಂದು, ಮಾತ್ರೆ ತೆಗೆದುಕೊಂಡು ಹೋಗಿ, ಎರಡನೇ ಸಲ ಬಾರದೇ ಉಳಿದವರ ಬಗ್ಗೆ.

ಖಿನ್ನತೆ ಎಂಬ ಪದವನ್ನು ಹಳ್ಳಿಯಿಂದ ಬಂದ ರೋಗಿಗಳು ತಾವಾಗಿ ಹೇಳಿದ್ದು ನನಗೆ ನೆನಪಿಲ್ಲ. ಅದು ನಮ್ಮ ಪುಸ್ತಕದ ಪದ. ಅವರು ಹೇಳುವುದೇ ಬೇರೆ. ಕೈಕಾಲಲ್ಲಿ ಶಕ್ತಿ ಇಲ್ಲ ಅನ್ನುತ್ತಾರೆ. ಎದೆ ಮೇಲೆ ಕಲ್ಲು ಇಟ್ಟ ಹಾಗಿದೆ ಅನ್ನುತ್ತಾರೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಆಮೇಲೆ ಕಣ್ಣು ಮುಚ್ಚುವುದಿಲ್ಲ, ಬೆಳಕು ಹರಿಯುವುದೇ ಬೇಡ ಅನ್ನಿಸುತ್ತದೆ ಅನ್ನುತ್ತಾರೆ. ಒಬ್ಬ ಹೆಣ್ಣುಮಗಳು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ರೊಟ್ಟಿ ಬಡಿಯೋಕೆ ಕೂತ್ರೆ ಕೈ ಏಳಲ್ಲ ಡಾಕ್ಟ್ರಮ್ಮ. ಹಿಟ್ಟು ನಾದಿಟ್ಕೊಂಡು ಸುಮ್ನೆ ನೋಡ್ತಾ ಕೂತಿರ್ತೀನಿ. ಅತ್ತೆ ಸೋಮಾರಿ ಅಂತಾರೆ. ನಂಗೂ ಹಂಗೇ ಅನ್ಸುತ್ತೆ." ಎರಡು ವಾರ ಬಿಡದೆ ಇಂಥ ಸ್ಥಿತಿ ಇದ್ದರೆ ಅದು ಕಾಯಿಲೆ ಅಂತ ನಾವು ಲೆಕ್ಕ ಹಾಕುತ್ತೇವೆ. ಆಕೆಗೆ ಅದು ಹನ್ನೊಂದು ತಿಂಗಳಿಂದ ಇತ್ತು.

ಆ ಹನ್ನೊಂದು ತಿಂಗಳು ಆಕೆ ಸುಮ್ಮನೆ ಮನೆಯಲ್ಲಿ ಕೂತಿರಲಿಲ್ಲ. ಮೂರು ಕಡೆ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡಿದ್ದಳು. ಶಕ್ತಿ ಇಂಜೆಕ್ಷನ್ ಆಗಿತ್ತು. ಗ್ಯಾಸ್ ಇರಬಹುದು ಅಂತ ಸ್ಕ್ಯಾನಿಂಗ್ ಆಗಿತ್ತು. ತಾಯತ ಕಟ್ಟಿಸಿಕೊಂಡಿದ್ದಳು. ಎಲ್ಲ ಕಡೆಯೂ ಒಂದೇ ಮಾತು: ನಾರ್ಮಲ್ ಇದೆ, ಏನೂ ಇಲ್ಲ, ಹೋಗಮ್ಮ. ಏನೂ ಇಲ್ಲ ಅಂತ ಹೇಳಿಸಿಕೊಂಡು ಬರುವ ನೋವು ಎಂಥದು ಅಂತ ನನಗೆ ನನ್ನ ರೋಗಿಗಳಿಂದಲೇ ಗೊತ್ತಾಯಿತು. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ ಇದೆಯಾ ಅಂತ ನೋಡುವುದು ಸರಿಯೇ. ನಾನೂ ಮೊದಲು ಅದನ್ನೇ ನೋಡುತ್ತಿದ್ದೆ. ಆದರೆ ರಿಪೋರ್ಟ್ ಸರಿಯಾಗಿ ಬಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಬೇಕಲ್ವಾ? "ಅಮ್ಮ, ಮನಸ್ಸು ಹೇಗಿದೆ?" ಅಂತ ಯಾರೂ ಕೇಳಿರಲಿಲ್ಲ.

ಇದು ಹೊಸ ಕಥೆಯಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಶುರುವಾದದ್ದು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಟಿಬಿ ಇದ್ದವರನ್ನು ಮಾತಾಡಿಸಿದರು. 1963ರಲ್ಲಿ ಅದರ ವರದಿ ಬಂತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕಾಯಿಲೆ ಮುಚ್ಚಿಟ್ಟುಕೊಂಡು ಕೂರುತ್ತಾರೆ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಆದರೆ ಅವರಿಗೆ ಕಂಡದ್ದು ಬೇರೆ. ಅರ್ಧಕ್ಕಿಂತ ಹೆಚ್ಚು ರೋಗಿಗಳು ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು, ಅಷ್ಟೇ. ರೋಗಿ ಬಂದಿದ್ದ, ನಾವು ಗುರುತಿಸಲಿಲ್ಲ. ಅರವತ್ತು ವರ್ಷದ ಮೇಲೆ ಖಿನ್ನತೆಯ ವಿಷಯದಲ್ಲಿ ಅದೇ ನಡೆಯುತ್ತಿದೆ. ಆಗ ಕೆಮ್ಮಿನ ಔಷಧಿ, ಈಗ ಬಿ ಕಾಂಪ್ಲೆಕ್ಸ್.

ಟಿಬಿಯ ಮಾತು ಸುಮ್ಮನೆ ಎತ್ತಲಿಲ್ಲ. ಖಿನ್ನತೆಯ ಮಾತ್ರೆ ಹುಟ್ಟಿದ್ದೇ ಟಿಬಿ ವಾರ್ಡಿನಲ್ಲಿ. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್‌ನಲ್ಲಿರುವ ಸೀ ವ್ಯೂ ಆಸ್ಪತ್ರೆಯಲ್ಲಿ ಟಿಬಿಗೆ ಐಪ್ರೋನಿಯಾಜಿಡ್ ಎಂಬ ಹೊಸ ಮಾತ್ರೆ ಕೊಟ್ಟು ನೋಡುತ್ತಿದ್ದರು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡತೊಡಗಿದರು. ಚೆನ್ನಾಗಿ ಊಟ ಮಾಡಿದರು. ವಾರ್ಡಿನಲ್ಲಿ ಕುಣಿದರು ಅಂತಲೂ ಆ ಕಾಲದ ವರದಿಗಳಿವೆ. ಈ ಮಾತ್ರೆ ಮನಸ್ಸಿಗೂ ಏನೋ ಮಾಡುತ್ತಿದೆ ಅಂತ ವೈದ್ಯರಿಗೆ ಹೊಳೆದದ್ದು ಹಾಗೆ. ಅದರಿಂದ ಲಿವರ್‌ಗೆ ತೊಂದರೆಯಾಗುತ್ತದೆ ಅಂತ ಗೊತ್ತಾಗಿ ಮುಂದೆ ಕೈಬಿಟ್ಟರು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕುನ್ ಇಮಿಪ್ರಮಿನ್ ಬಗ್ಗೆ ಬರೆದರು. ಅದನ್ನೂ ಬೇರೆ ಕಾಯಿಲೆಗೆ ಕೊಟ್ಟು ನೋಡಲು ಹೋಗಿ, ಖಿನ್ನತೆಗೆ ಆಗುತ್ತದೆ ಅಂತ ಕಂಡುಕೊಂಡದ್ದು.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಇದ್ದದ್ದು ಆ ಇಮಿಪ್ರಮಿನ್ ಮತ್ತು ಅಮಿಟ್ರಿಪ್ಟಿಲಿನ್. ಒಳ್ಳೆಯ ಮಾತ್ರೆಗಳೇ, ಎಷ್ಟೋ ಜನರನ್ನು ಎಬ್ಬಿಸಿ ಕೂರಿಸಿವೆ. ಆದರೆ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ಹಗಲೂ ಮಂಪರು. ಈಗ ಬಂದಿರುವ ಫ್ಲೂಆಕ್ಸೆಟಿನ್, ಎಸ್ಸಿಟಾಲೊಪ್ರಾಮ್‌ನಲ್ಲಿ ಆ ಕಾಟ ಕಡಿಮೆ. ಆದರೂ ಮೊದಲ ವಾರ ಹೊಟ್ಟೆ ತೊಳಸುತ್ತದೆ, ತಲೆ ನೋಯುತ್ತದೆ, ಕೆಲವರಿಗೆ ಚಡಪಡಿಕೆ. ಹಳೆಯದಿರಲಿ ಹೊಸದಿರಲಿ, ಎಲ್ಲಕ್ಕೂ ಒಂದೇ ತೊಡಕು. ತೊಂದರೆ ಮೊದಲ ವಾರದಲ್ಲೇ ಬರುತ್ತದೆ. ಗುಣ ಬರುವುದು ಎರಡರಿಂದ ನಾಲ್ಕು ವಾರದ ಮೇಲೆ, ಕೆಲವರಿಗೆ ಆರು ವಾರ.

ದಯವಿಟ್ಟು ಇದನ್ನು ಒಂದು ಕ್ಷಣ ರೋಗಿಯ ಜಾಗದಲ್ಲಿ ನಿಂತು ನೋಡಿ. ಮೊದಲೇ ಬದುಕಿನಲ್ಲಿ ಭರವಸೆ ಹೋಗಿದೆ. ಯಾರೋ ಒತ್ತಾಯ ಮಾಡಿ ಕರೆತಂದಿದ್ದಾರೆ. ಡಾಕ್ಟರು ಮಾತ್ರೆ ಕೊಟ್ಟರು. ನುಂಗಿದರೆ ಇರುವ ಸಂಕಟದ ಮೇಲೆ ಇನ್ನೊಂದು ಸಂಕಟ. "ಇದೂ ಕೆಲಸ ಮಾಡಲ್ಲ, ನನ್ನ ಹಣೆಬರಹವೇ ಇಷ್ಟು" ಅಂತ ಆರನೇ ದಿನಕ್ಕೆ ನಿಲ್ಲಿಸಿದರೆ ಅವರದ್ದೇನು ತಪ್ಪು? ಆಸೆ ಬತ್ತಿಸುವುದೇ ಈ ಕಾಯಿಲೆಯ ಗುಣ. ಆಸೆಯಿಟ್ಟು ಕಾಯಿರಿ ಅಂತ ಅಂಥವರಿಗೇ ನಾವು ಹೇಳುತ್ತಿದ್ದೇವೆ.

ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರು ಬಂದಿದ್ದರು. ಹೆಂಡತಿ ಕರೆದುಕೊಂಡು ಬಂದಿದ್ದರು. ಸೀಮೆಸುಣ್ಣ ಹಿಡಿದುಕೊಂಡು ಬೋರ್ಡಿನ ಮುಂದೆ ನಿಂತರೆ ಏನು ಬರೆಯಬೇಕು ಅಂತಲೇ ಹೊಳೆಯುವುದಿಲ್ಲ ಅಂದರು. ನಾನು ಇಮಿಪ್ರಮಿನ್ ಬರೆದು, ಹದಿನೈದು ದಿನ ಬಿಟ್ಟು ಬನ್ನಿ ಅಂದೆ. ಅವರು ಬರಲಿಲ್ಲ. ಹೊರಗೆ ಎಂಬತ್ತು ಜನ ಸಾಲಿನಲ್ಲಿ ನಿಂತಿರುತ್ತಿದ್ದರು. ಬರಲಿಲ್ಲ ಅಂದರೆ ವಾಸಿಯಾಗಿದೆ ಅಂದುಕೊಂಡೆ. ಮುಂದಿನ ವರ್ಷ ಅವರ ಹೆಂಡತಿ ನಿದ್ದೆ ಬರುವುದಿಲ್ಲ ಅಂತ ಬಂದರು. ಗುರುತು ಹಿಡಿದು, "ಮೇಷ್ಟ್ರು ಹೇಗಿದ್ದಾರೆ?" ಅಂದೆ. ಆ ತಾಯಿ ತಲೆ ತಗ್ಗಿಸಿದರು. ಬಾಯಿ ಒಣಗಿ ಪಾಠ ಮಾಡಲು ಆಗುತ್ತಿಲ್ಲ ಅಂತ ಮೇಷ್ಟ್ರು ವಾರದೊಳಗೆ ಮಾತ್ರೆ ಬಿಟ್ಟಿದ್ದರು. ಎರಡು ತಿಂಗಳಿಗೆ ತೀರಿಕೊಂಡಿದ್ದರು, ತಾವಾಗಿಯೇ. "ನೀವು ಒಂದು ಕಾಗ್ದ ಹಾಕಿದ್ರೆ ನಾನೇ ಕರ್ಕೊಂಡು ಬರ್ತಿದ್ದೆ ಡಾಕ್ಟ್ರಮ್ಮ" ಅಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆ ವಾರವೇ ಒಂದು ಇನ್ನೂರು ಪುಟದ ಲಾಂಗ್ ಬುಕ್ ತಂದು ಗೆರೆ ಹಾಕಿದೆ. ಹೆಸರು, ಊರು, ಮೊದಲ ಸಲ ಬಂದ ದಿನ, ಮತ್ತೆ ಬರಬೇಕಾದ ದಿನ, ಬಂದ ದಿನ. ಕೊನೆಯ ಕಾಲಂ ಖಾಲಿ ಇದ್ದವರಿಗೆ ಕಾಗದ ಬರೆಯತೊಡಗಿದೆ. ಮೊದಲು ಪೋಸ್ಟ್ ಕಾರ್ಡ್ ತಂದಿದ್ದೆ. ನಮ್ಮ ಸಿಸ್ಟರ್ ತಡೆದರು. "ಮೇಡಂ, ಕಾರ್ಡಲ್ಲಿ ಬರೆದ್ರೆ ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಅಂಗಡಿಯವನ ತನಕ ಎಲ್ಲ ಓದ್ತಾರೆ. ಆ ಮನೆ ಹುಡುಗಿಗೆ ಗಂಡು ಸಿಗಲ್ಲ." ಸರಿ ಅಂತ ಇನ್‌ಲ್ಯಾಂಡ್ ಲೆಟರಿಗೆ ಬದಲಾಯಿಸಿದೆವು. ಕಾಯಿಲೆಯ ಹೆಸರು ಎಲ್ಲೂ ಇರುತ್ತಿರಲಿಲ್ಲ. "ಮಾತ್ರೆಯಿಂದ ತೊಂದರೆ ಆಗಿದ್ದರೂ ಪರವಾಗಿಲ್ಲ, ಬನ್ನಿ, ಬದಲಾಯಿಸಿ ಕೊಡುತ್ತೇನೆ" ಎಂಬ ಒಂದು ಸಾಲು ಮಾತ್ರ. ಆ ಕಾಗದವನ್ನು ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡು ಬಂದವರಿದ್ದಾರೆ. ನಾಲ್ಕು ತಿಂಗಳು ಬಿಟ್ಟು, ಕಾಗದ ಸವೆದು ತೂತು ಬಿದ್ದ ಮೇಲೆ ಬಂದವರಿದ್ದಾರೆ. ಮೊಬೈಲ್ ಬಂದ ಮೇಲೆ ಸಿಸ್ಟರ್ ಫೋನ್ ಮಾಡುತ್ತಿದ್ದರು. ತಮ್ಮ ಸ್ವಂತ ಫೋನಿನಿಂದ, ತಮ್ಮದೇ ಕರೆನ್ಸಿ ಹಾಕಿಸಿಕೊಂಡು, ವರ್ಷಗಟ್ಟಲೆ.

ನಾನು ಕಲಿತದ್ದರಲ್ಲಿ ದೊಡ್ಡದು ಇದು. ಖಿನ್ನತೆಯ ಚಿಕಿತ್ಸೆ ಶುರುವಾಗುವುದು ಎರಡನೇ ಭೇಟಿಯಲ್ಲಿ. ಮೊದಲ ದಿನ ಯಾರು ಬೇಕಾದರೂ ಮಾತ್ರೆ ಬರೆಯಬಹುದು. ಹತ್ತನೇ ದಿನ ಅವರ ಕೈ ಹಿಡಿದುಕೊಳ್ಳುವವರು ಬೇಕು.

2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಇಪ್ಪತ್ತು ದೊಡ್ಡವರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ, ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ ಅಂತ ಅದು ಹೇಳಿತು. ಜನ ನಾಚಿಕೆಯಿಂದ ಬರುವುದಿಲ್ಲ, ಜಾಗೃತಿ ಮೂಡಿಸಬೇಕು ಅಂತ ವೇದಿಕೆಗಳಲ್ಲಿ ಈ ಅಂಕಿಯನ್ನು ಹೇಳುತ್ತಾರೆ. ನಾಚಿಕೆ ಇದೆ, ನಿಜ. ಆದರೆ ನಮ್ಮ ಬಾಗಿಲವರೆಗೆ ಬಂದು ನಮ್ಮ ಕೈಯಿಂದ ಜಾರಿ ಹೋದವರನ್ನೂ ಎಣಿಸಿ. ಅವರಿಗೆ ಜಾಗೃತಿ ಇತ್ತು. ಬಸ್ ಹತ್ತಿ, ಚೀಟಿ ಮಾಡಿಸಿ, ಬೆಂಚಿನ ಮೇಲೆ ಮೂರು ಗಂಟೆ ಕೂತಿದ್ದರು.

ಅವರು ಯಾಕೆ ಮತ್ತೆ ಬರಲಿಲ್ಲ ಅಂತ ನನ್ನ ಲಾಂಗ್ ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರದ್ದೂ ಹೋಗುತ್ತದೆ. ನಮ್ಮ ಔಷಧಿ ಕೌಂಟರಿನಲ್ಲಿ ಹತ್ತು ದಿನಕ್ಕೆ ಮಾತ್ರ ಮಾತ್ರೆ ಕೊಡುತ್ತಿದ್ದರು. ಅಂದರೆ ತಿಂಗಳಿಗೆ ಮೂರು ಸಲ ಕೂಲಿ ಬಿಟ್ಟು ಬರಬೇಕು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಉಚಿತವಾಯಿತಲ್ಲ, ಆಮೇಲೆ ನನ್ನ ಒಪಿಡಿಯಲ್ಲಿ ಅವರು ಎರಡನೇ, ಮೂರನೇ ಸಲ ಬರುವುದು ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಆ ಯೋಜನೆ ಮಾಡಿದವರಿಗೆ ಇದು ಮನಸ್ಸಿನಲ್ಲಿ ಇತ್ತೋ ಇಲ್ಲವೋ, ನಾನಂತೂ ಕೈ ಮುಗಿಯುತ್ತೇನೆ.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು. ರೋಗಿ ಸರಿಯಾದ ದಿನಕ್ಕೆ ಬರುತ್ತಾರೆ, ಮಾತ್ರೆ ಇರುವುದಿಲ್ಲ. ಸ್ಟಾಕ್ ಇಲ್ಲ, ಇಂಡೆಂಟ್ ಹಾಕಿದ್ದೇವೆ, ಹೊರಗೆ ತಗೊಳ್ಳಿ. ನಾನು ಕೆಲಸ ಮಾಡಿದ ಕಡೆ ಇದು ಎಷ್ಟೋ ಸಲ ಆಗಿದೆ. ಖಿನ್ನತೆಯ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ತಲೆ ತಿರುಗುತ್ತದೆ, ಸಿಡುಕು ಬರುತ್ತದೆ, ಕಾಯಿಲೆ ಮರಳುತ್ತದೆ. ನಿಧಾನವಾಗಿ ಇಳಿಸಿ ಬಿಡಿಸಬೇಕಾದ ಮಾತ್ರೆ ಅದು. ಹೊರಗೆ ಕೊಳ್ಳಲು ಹೋದವರಲ್ಲಿ ಕೆಲವರು ಅಂಗಡಿಯವರು ಕೊಟ್ಟ ನಿದ್ದೆ ಮಾತ್ರೆ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಚಟವಾಗುವುದು ಆ ನಿದ್ದೆ ಮಾತ್ರೆ. ಕೆಟ್ಟ ಹೆಸರು ಮಾತ್ರ ನಮ್ಮ ಮಾತ್ರೆಗೆ.

ಸಚಿವರೇ, ಇದಕ್ಕೆ ಕಾನೂನು ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಓದಿ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಎಲ್ಲ ಮಾತ್ರೆಗಳೂ ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ, ಎಲ್ಲ ಕಾಲದಲ್ಲೂ ಸಿಗಬೇಕು ಅಂತ ಅಲ್ಲಿದೆ. ಎಲ್ಲ ಕಾಲದಲ್ಲೂ. ಈ ಪದ ಬರೆದವರು ಯಾರೋ ಒಪಿಡಿಯಲ್ಲಿ ಕೂತು ಗೊತ್ತಿದ್ದವರೇ ಇರಬೇಕು. ನಾನು ಅದಕ್ಕೆ ಸೇರಿಸಿ ಕೇಳುವುದು ಎರಡು. ಒಂದು, ಈಗಾಗಲೇ ಚಿಕಿತ್ಸೆಯಲ್ಲಿರುವವರಿಗೆ ಆ ಮಾತ್ರೆ ಅವರ ಊರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಲಿ. ಇನ್ನೊಂದು, ಮೂವತ್ತು ದಿನಕ್ಕಾಗುವಷ್ಟು ಒಟ್ಟಿಗೆ ಸಿಗಲಿ. ಜೀವದ ಮೇಲೆ ಆಸೆ ಕಳೆದುಕೊಂಡವರ ವಿಷಯದಲ್ಲಿ ಎಷ್ಟು ಕೊಡಬೇಕು, ಮನೆಯವರಲ್ಲಿ ಯಾರ ಕೈಗೆ ಕೊಡಬೇಕು ಎಂಬುದು ವೈದ್ಯರ ತೀರ್ಮಾನಕ್ಕೆ ಇರಲಿ.

ಇದಕ್ಕಿಂತ ಮುಖ್ಯವಾದದ್ದು ಹತ್ತನೇ ದಿನದ ಫೋನ್. ಟಿಬಿ ರೋಗಿ ಮಾತ್ರೆ ತಪ್ಪಿಸಿದರೆ ನಮ್ಮ ವ್ಯವಸ್ಥೆಗೆ ಗೊತ್ತಾಗುತ್ತದೆ. ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ನಿಕ್ಷಯ್‌ನಲ್ಲಿ ಅವರ ಹೆಸರಿದೆ, ಮನೆಗೆ ಹೋಗಿ ವಿಚಾರಿಸುವ ಕಾರ್ಯಕರ್ತರಿದ್ದಾರೆ, ಸಾಮಾನ್ಯವಾಗಿ ಆರು ತಿಂಗಳು ಜೊತೆಗಿರುತ್ತಾರೆ. ಖಿನ್ನತೆಯಲ್ಲೂ ಮನಸ್ಸು ಹಗುರವಾದ ಮೇಲೆ ಆರರಿಂದ ಒಂಬತ್ತು ತಿಂಗಳು ಮಾತ್ರೆ ಬೇಕು, ಇಲ್ಲದಿದ್ದರೆ ಮರಳಿ ಬರುವ ಅಪಾಯ ಜಾಸ್ತಿ. ಒಮ್ಮೆ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧ ಜನರಿಗೆ ಇನ್ನೊಮ್ಮೆ ಬರುತ್ತದೆ. ಹಾಗಿದ್ದೂ ಖಿನ್ನತೆಯ ರೋಗಿ ಮಾತ್ರೆ ಬಿಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ. ಟಿಬಿ ವಾರ್ಡು ನಮಗೆ ಮಾತ್ರೆ ಕೊಟ್ಟಿತು. ಅದರ ಹಿಂದೆ ಹೋಗಿ ವಿಚಾರಿಸುವ ಪದ್ಧತಿಯನ್ನೂ ನಾವು ತೆಗೆದುಕೊಳ್ಳಬಾರದೇ?

14416 ಟೆಲಿ ಮಾನಸ್ ಸಹಾಯವಾಣಿ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಬಹಳ ಒಳ್ಳೆಯ ಕೆಲಸ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲೂ ರಾತ್ರಿ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಈ ಪತ್ರ ಓದುತ್ತಿರುವ ಯಾರಿಗಾದರೂ ಇವತ್ತು ರಾತ್ರಿ ಕಳೆಯುವುದು ಕಷ್ಟ ಅನ್ನಿಸುತ್ತಿದ್ದರೆ ದಯವಿಟ್ಟು ಆ ನಂಬರಿಗೆ ಮಾಡಿ. ಆದರೆ ಖಿನ್ನತೆ ಗಟ್ಟಿಯಾಗಿ ಹಿಡಿದವರಿಗೆ ಫೋನ್ ಎತ್ತಿ ಒತ್ತುವುದೂ ಬೆಟ್ಟ ಹತ್ತಿದ ಹಾಗೆ. ಅವರು ಮಾಡಲಿ ಅಂತ ಕಾಯುವುದರ ಜೊತೆಗೆ ನಾವೇ ಅವರಿಗೆ ಮಾಡೋಣ. ರೋಗಿಯ ಒಪ್ಪಿಗೆ ಪಡೆದು, ಹತ್ತನೇ ದಿನ ಒಂದು ಸಲ, ಇಪ್ಪತ್ತೈದನೇ ದಿನ ಒಂದು ಸಲ, ಆಮೇಲೆ ತಿಂಗಳಿಗೊಮ್ಮೆ. ಹೊಟ್ಟೆ ತೊಳಸುತ್ತಿದೆಯಾ? ಊಟವಾದ ಮೇಲೆ ನುಂಗಿ. ಬಿಟ್ಟುಬಿಟ್ಟಿರಾ? ಪರವಾಗಿಲ್ಲ, ಮಂಗಳವಾರ ಬನ್ನಿ. ಐದು ನಿಮಿಷದ ಮಾತು.

ಮಂಗಳವಾರ ಅಂದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಹೋಗುತ್ತಾರೆ. ನಾನೂ ವರ್ಷಗಟ್ಟಲೆ ಹೋಗಿದ್ದೇನೆ. ಒಂದು ತಾಲೂಕಿನಲ್ಲಿ ಮಂಗಳವಾರವೇ ಸಂತೆ. ಅಲ್ಲಿ ನನ್ನ ಬಳಿ ಎರಡನೇ ಸಲ ಬರುವವರು ಬೇರೆ ಕಡೆಗಿಂತ ಜಾಸ್ತಿ ಇರುತ್ತಿದ್ದರು. ಸಂತೆಗೆ ಹೋಗಿದ್ದೆ ಅಂದರೆ ಊರಿನಲ್ಲಿ ಯಾರೂ ಯಾಕೆ ಅಂತ ಕೇಳುವುದಿಲ್ಲ. ಮೆಣಸಿನಕಾಯಿ ಚೀಲದ ತಳದಲ್ಲಿ ಮಾತ್ರೆ ಇಟ್ಟುಕೊಂಡು ಹೋಗುತ್ತಿದ್ದರು. ಪ್ರತಿ ತಾಲೂಕಿನಲ್ಲೂ ಮನೋವೈದ್ಯರ ದಿನವನ್ನು ಸಂತೆಯ ದಿನಕ್ಕೆ ಹೊಂದಿಸಲು ಒಂದು ರೂಪಾಯಿ ಖರ್ಚಾಗುವುದಿಲ್ಲ.

ಫೋನ್ ಮಾಡುವವರು ಯಾರು? ಇದಕ್ಕೆ ಮನೋವೈದ್ಯರೇ ಬೇಕಿಲ್ಲ. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮನಃಶಾಸ್ತ್ರ ಓದದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ಖಿನ್ನತೆಯ ರೋಗಿಗಳ ಜೊತೆ ಆರರಿಂದ ಎಂಟು ಸಲ ಮಾತಾಡಿಸಿದರು. ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಇವರಲ್ಲಿ ಹೆಚ್ಚು ಜನ ಚೇತರಿಸಿಕೊಂಡರು. 2017ರಲ್ಲಿ ಅದು ಪ್ರಕಟವಾಯಿತು. ಅವರು ಹೇಳಿಕೊಟ್ಟದ್ದು ಸಣ್ಣ ಸಣ್ಣ ಕೆಲಸ ಮತ್ತೆ ಶುರು ಮಾಡುವುದನ್ನು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂತ ಕಾಯಬೇಡಿ, ಮಾಡುತ್ತಾ ಹೋದರೆ ಮನಸ್ಸು ಹಿಂದೆಯೇ ಬರುತ್ತದೆ ಅಂತ ನಾನೂ ಹೇಳುತ್ತಿದ್ದೆ. ರೊಟ್ಟಿಯ ಆ ಹೆಣ್ಣುಮಗಳಿಗೆ ಮೊದಲ ವಾರ ಹೇಳಿದ್ದು ಒಂದೇ ಒಂದು ರೊಟ್ಟಿ ಬಡಿಯಲು. ಮನೆಯವರಿಗಲ್ಲ, ಅವಳಿಗೆ.

ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಇದನ್ನೇ ಮಾಡಿ ತೋರಿಸಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರು ಕಲಿತು ರೋಗಿಗಳನ್ನು ನೋಡಿಕೊಂಡರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ರಾಜ್ಯದಿಂದ ದೇಶ ಕಲಿತದ್ದು ಇದು. ಇವತ್ತು ಈ ಕೆಲಸವನ್ನು ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬೇಡಿ ಅಂತ ಮಾತ್ರ ಬೇಡಿಕೊಳ್ಳುತ್ತೇನೆ. ಅವರು ಆಗಲೇ ಹೊರುವುದು ಬಹಳ. ಗೌರವಧನಕ್ಕಾಗಿ ಬೀದಿಯಲ್ಲಿ ಕೂತದ್ದನ್ನು ನಾವೆಲ್ಲ ನೋಡಿದ್ದೇವೆ. ಕೊಡುವುದಾದರೆ ದುಡ್ಡು ಕೊಟ್ಟು, ಕಲಿಸಿ ಕೊಡಿ. ತಾಲೂಕಿಗೆ ಒಬ್ಬ ನರ್ಸ್, ಅವರಿಗೆ ಒಂದು ಸರ್ಕಾರಿ ಫೋನ್, ವಾರದಲ್ಲಿ ಎರಡು ಅರ್ಧ ದಿನ ಇದಕ್ಕೇ ಮೀಸಲು ಸಮಯ. ಆದೇಶದಲ್ಲಿ ಇಷ್ಟು ಬರೆದರೆ ಸಾಕು.

ಇನ್ನೊಂದು ಮಾತು, ಚಿಕ್ಕದಾಗಿ. ನಾನು ಎಂಬಿಬಿಎಸ್ ಓದುವಾಗ ಮನೋವೈದ್ಯಕೀಯದ ವಾರ್ಡಿನಲ್ಲಿ ಇದ್ದದ್ದು ಎರಡೇ ವಾರ. ಈಗ ಸ್ವಲ್ಪ ಹೆಚ್ಚಾಗಿದೆ, ಆದರೂ ಅದು ಪ್ರತ್ಯೇಕ ಪರೀಕ್ಷೆಯ ವಿಷಯವಾಗಿಲ್ಲ. ಪರೀಕ್ಷೆ ಇಲ್ಲದ್ದನ್ನು ಹುಡುಗರು ಓದುವುದಿಲ್ಲ. ಆಮೇಲೆ ಗ್ಲೂಕೋಸ್ ಬಾಟಲಿ ಹಾಕಿ ಕಳಿಸುತ್ತಾರೆ. ಇದು ನಿಮ್ಮೊಬ್ಬರ ಕೈಯಲ್ಲಿಲ್ಲ ಅಂತ ಗೊತ್ತು. ದೆಹಲಿಗೆ ಒಂದು ಪತ್ರ ಬರೆಯಬಹುದಲ್ವಾ?

ನಿವೃತ್ತಿಯ ದಿನ ನನ್ನ ಮೇಜಿನ ಮೇಲಿದ್ದದ್ದು ಏಳನೇ ಲಾಂಗ್ ಬುಕ್. ಅದನ್ನು ನನ್ನ ಜಾಗಕ್ಕೆ ಬಂದ ಯುವ ವೈದ್ಯರ ಕೈಗೆ ಕೊಟ್ಟೆ. ಕೊನೆಯ ಎರಡು ಪುಟಗಳಲ್ಲಿ ಹದಿನಾಲ್ಕು ಹೆಸರುಗಳ ಮುಂದೆ ಜಾಗ ಖಾಲಿ ಇತ್ತು. ಸಿಸ್ಟರ್ ಅವತ್ತು ಸಂಜೆ ಒಂಬತ್ತು ಜನರಿಗೆ ಫೋನ್ ಮಾಡಿದರು. ಆರು ಜನ ಎತ್ತಿದರು. ಉಳಿದವರಿಗೆ ಮಾರನೇ ದಿನ ಮಾಡುತ್ತೇನೆ ಅಂದರು. ಆ ತಿಂಗಳೇ ಅವರಿಗೆ ಬೇರೆ ವಾರ್ಡಿಗೆ ವರ್ಗವಾಯಿತು. ಮೊದಲ ಆರು ಪುಸ್ತಕಗಳನ್ನು ಆಸ್ಪತ್ರೆಯಲ್ಲಿ ಇಡಲು ಬೀಗವಿರುವ ಬೀರು ಇರಲಿಲ್ಲ. ಹಾಗಾಗಿ ಅವು ನನ್ನ ಬಳಿಯೇ ಇವೆ, ಯಾರಿಗೂ ತೋರಿಸುವುದಿಲ್ಲ. ಆದರೆ ಯಾವ ದಿನಕ್ಕೆ ಎಷ್ಟು ಜನ ಕೈತಪ್ಪಿದರು, ಯಾವ ಕಾರಣಕ್ಕೆ, ಕಾಗದ ಹಾಕಿದ ಮೇಲೆ ಎಷ್ಟು ಜನ ಮರಳಿದರು ಎಂಬುದನ್ನು ಹೆಸರು ಬಿಟ್ಟು ಲೆಕ್ಕ ಮಾಡಿ ಕೊಡಬಲ್ಲೆ. ನಿಮ್ಮ ಇಲಾಖೆಯವರು ಕರೆದರೆ ಯಾವ ದಿನವಾದರೂ ಬೆಂಗಳೂರಿಗೆ ಬರುತ್ತೇನೆ. ಸಾಧ್ಯವಾದರೆ ಮಂಗಳವಾರ ಮಾತ್ರ ಬೇಡ. ಅವತ್ತು ಈಗಲೂ ತಾಲೂಕು ಆಸ್ಪತ್ರೆಗೆ ಹೋಗಿ ನನ್ನ ಜಾಗಕ್ಕೆ ಬಂದ ಆ ಹುಡುಗನ ಪಕ್ಕದಲ್ಲಿ ಕೂರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸರ್ಕಾರಿ ಮನೋವೈದ್ಯೆ